ಗುರುತಿಲ್ಲದ ಹುಡುಗಿ

ಆಗ ಮನೆಗೊಂದೇ ಮೊಬೈಲು ಇರುತ್ತಿದ್ದ ಕಾಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾಯಿತೆಂದರೆ ಮಗ್ಗಗಳ ಸದ್ದು, ಜೊತೆಗೆ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ. ಅಪ್ಪನಿಗೆ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತೆಂದು ನಾವು ಸೊರಟೂರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾನು ಐದನೇ ಇಯತ್ತೆ.

ದಸರೆಗೆಂದು ಶಾಲೆ ಸೂಟಿ ಬಿಡುವ ಮುಂಚೆ ಒಂದು ದಿನ ಅಕ್ಕೋರು ಬೋರ್ಡಿನ ಮೇಲೆ ‘ಅಪರಿಚಿತ’ ಎಂದು ಬರೆದರು. “ಅಂದ್ರ ಗುರುತು ಇಲ್ಲದವರು. ಸ್ವಂತ ವಾಕ್ಯದಾಗ ಬಳಸ್ರಿ” ಎಂದರು.

ನಮ್ಮ ಓಣಿಯವನೇ ಆದ ಬಸು ಎದ್ದು ನಿಂತು ನನ್ನತ್ತ ಕೈ ತೋರಿಸಿದ. “ಗಿರಿಜಾ ಅಪರಿಚಿತಳು.”

ವಾಕ್ಯವೇನೋ ಸರಿಯಾಗಿಯೇ ಇತ್ತು. ತರಗತಿಯೆಲ್ಲ ನಕ್ಕಿತು. ಸಂಜೆಯ ಹೊತ್ತಿಗೆ ಅದೇ ನನ್ನ ಹೆಸರಾಯಿತು. ಆಟಕ್ಕೆ ಹೋದರೆ, “ಅಪರಿಚಿತಾ, ಅತ್ತಾಗ ಸರಿ” ಎನ್ನುತ್ತಿದ್ದರು.

“ನನ್ನ ಸೊರಟೂರಿಗೆ ಕಳಸ್ರಿ, ಅಜ್ಜಿ ಹಂತ್ಯಾಕ ಇರ್ತೇನಿ” ಎಂದು ಹಟ ಹಿಡಿದೆ. ಅಪ್ಪ ಸೋತು, “ಹಬ್ಬ ಆಗ್ಲಿ, ಬಿಟ್ಟು ಬರ್ತೇನಿ” ಎಂದ. ರೊಟ್ಟಿ ಬಡಿಯುತ್ತಿದ್ದ ಅವ್ವ ಮುಖ ಆಚೆ ತಿರುಗಿಸಿದಳು.

ದಸರೆಯ ಸಂಜೆ ಓಣಿಯ ಮಕ್ಕಳೆಲ್ಲ ಬನ್ನಿ ಎಲೆ ಹಿಡಿದು ಮನೆಮನೆಗೆ ಓಡಾಡುತ್ತಿದ್ದರು. ನಾನು ಹೊಸ್ತಿಲ ಮೇಲೆ ಕುಳಿತಿದ್ದೆ. ಎದುರು ಮನೆಯಲ್ಲಿ ಸೀರೆ ನೇಯುತ್ತಿದ್ದ ಮುದುಕಿ ನೀಲವ್ವ ಹತ್ತಿರ ಬಂದಳು.

“ಯಾಕವಾ, ಬನ್ನಿ ಕೊಡಾಕ ಹೋಗಲಿಲ್ಲೇನ?”

“ನನ್ನ ಗುರುತು ಯಾರಿಗೂ ಇಲ್ಲ, ಆಯಿ. ಸಾಲ್ಯಾಗ ಅಪರಿಚಿತಳು ಅಂತಾರ.”

ನೀಲವ್ವ ಆ ಶಬ್ದವನ್ನು ಒಮ್ಮೆ ಬಾಯಲ್ಲಿ ಹೊರಳಿಸಿ ನೋಡಿದಳು. “ಗುರುತು ಇಲ್ಲ ಅಂದ್ರ, ಇನ್ನಾ ಆಗಬೇಕು ಅಂತ. ಏಳು, ಮಾಡ್ಕೊಂಡು ಬರೂಣು.”

ಒಂದು ಹಿಡಿ ಬನ್ನಿ ಕೊಟ್ಟು, ಕೈಹಿಡಿದು ಮೊದಲ ಬಾಗಿಲಿಗೆ ಕರೆದೊಯ್ದಳು. “ಈಕಿ ಗಿರಿಜಾ, ಸೊರಟೂರಾಕಿ. ಇನ್ನ ನಮ್ಮ ಓಣ್ಯಾಕಿ.” ನಾನು ಕಾಲು ಮುಟ್ಟಿ, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದೆ. ಪ್ರತಿ ಮನೆಯಲ್ಲೂ ಕೇಳಿದರು: ಯಾರ ಮಗಳು, ಮುತ್ತ್ಯಾನ ಹೆಸರೇನು? ಲಕ್ಷ್ಮೇಶ್ವರ ತವರಾದ ಒಬ್ಬಾಕೆಯಂತೂ ತನ್ನೂರಿನಲ್ಲಿ ನಮ್ಮ ಅಜ್ಜಿಯ ಬೀಗರನ್ನೇ ಹುಡುಕಿ ತೆಗೆದಳು. ನನ್ನ ಲಂಗದ ಮಡಿಲು ಉಂಡಿ, ಚಕ್ಕುಲಿಗಳಿಂದ ತುಂಬಿತು.

ಕೊನೆಗೆ ಬಸುವಿನ ಮನೆ. ಅವನು ಬಾಗಿಲಲ್ಲೇ ನಿಂತಿದ್ದ. ಎಲೆ ಚಾಚಿದೆ. ತೆಗೆದುಕೊಂಡ, ತನ್ನದನ್ನೂ ಕೊಟ್ಟ. ಆಮೇಲೆ ನೆಲ ನೋಡುತ್ತಾ, “ನಿಮ್ಮೂರಾಗ ಏನ್ ಆಟ ಆಡ್ತೀರಿ?” ಎಂದ. ಅವ್ವ ಕೂಗುವವರೆಗೂ ಹೇಳಿಕೊಡುತ್ತಲೇ ಇದ್ದೆ.

ಮರುದಿನ ಅಪ್ಪ ನನ್ನ ಅರಿವೆ ಚೀಲ ತೆಗೆದ. “ಬ್ಯಾಡಪಾ, ಅಜ್ಜಿನೇ ಇಲ್ಲಿಗೆ ಬರ್ಲಿ” ಎಂದೆ. ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ನನ್ನ ಮುಂದಿಟ್ಟಳು.

ಈಗ ಆ ಓಣಿಯಲ್ಲಿ ಮಗ್ಗಗಳು ಕಡಿಮೆಯಾಗಿವೆ, ನೀಲವ್ವ ಇಲ್ಲ. ಗದಗಿನಲ್ಲಿ ನಾನಿರುವ ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರನ್ನು ಅವರ ಗೇಟಿನ ಫಲಕದಿಂದ ತಿಳಿದುಕೊಂಡಿದ್ದೇನೆ. ಯಾವೂರು, ಯಾರ ಮಗಳು ಎಂದು ಕೇಳಿದರೆ ಅಧಿಕಪ್ರಸಂಗವಾದೀತೆಂಬ ಅಂಜಿಕೆ.

ಆದರೂ ಮೊನ್ನೆ ಮುಂಡರಗಿ ಬಸ್ಸಿನಲ್ಲಿ ಒಬ್ಬ ಮುದುಕಿ ತನ್ನ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು ನನಗೆ ಜಾಗ ಮಾಡಿಕೊಟ್ಟಳು. “ಯಾವೂರಾಕಿ ನೀ?” ಎಂದಳು. ಆ ಪ್ರಶ್ನೆ ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಮುಂಡರಗಿ ಬಂದರೂ ನನ್ನ ಉತ್ತರ ಮುಗಿದಿರಲಿಲ್ಲ.