ಬಾಗಿಲು ಕಾದವನ ಕಲ್ಲು

ಅವರ ಬಲಗೈಯ ತೋರುಬೆರಳಿನ ತುದಿ ಸವೆದು, ಗೆರೆಗಳೇ ಇಲ್ಲದೆ ನುಣ್ಣಗಾಗಿತ್ತು. ಹಳೆಯ ಕಲ್ಲಿನ ಮೇಲಿನ ಅಕ್ಷರಗಳನ್ನು ಅವರು ಮೊದಲು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಓದುತ್ತಿದ್ದರು. ಆಮೇಲೆ ಪೊಟ್ಟಣದಲ್ಲಿ ಕಟ್ಟಿ ತಂದ ಸೀಮೆಸುಣ್ಣದ ಪುಡಿ ಸವರಿ, ಬೆಳ್ಳಗೆ ಎದ್ದುಬಂದ ಸಾಲನ್ನು ಕಣ್ಣಿನಿಂದ ತಾಳೆ ನೋಡುತ್ತಿದ್ದರು. ಎರಡೂ ಒಂದೇ ಆದರೆ ಮಾತ್ರ ವಹಿಯಲ್ಲಿ ಬರೆದುಕೊಳ್ಳುವುದು. ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕೆಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಗುತ್ತಿತ್ತಲ್ಲ.

ಧಾರವಾಡದ ಒಂದು ಶಾಲೆಗೆ ನಾನು ಹೊಸದಾಗಿ ನೌಕರಿಗೆ ಸೇರಿದಾಗ ಅವರು ಅಲ್ಲಿ ಇತಿಹಾಸ ಕಲಿಸುತ್ತಿದ್ದರು. ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು-ಹನ್ನೆರಡು ವರ್ಷವಿತ್ತು. ಹುಡುಗರಿಗೂ ನಮಗೂ ಅವರು ಬರೀ ಮಾಸ್ತರು. ಹೊಲಗೇರಿಯಲ್ಲಿ ಹುಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಬಂದವರು. ಶಿಕ್ಷಕರ ಕೋಣೆಯಲ್ಲಿ ಎಲ್ಲರ ಕುರ್ಚಿಯೂ ಒಳಗೆ, ಅವರದೊಂದು ಬಾಗಿಲ ಹೊರಗೆ. ಕುಡಿಯುವ ನೀರಿನ ತಂಬಿಗೆಯನ್ನು ಮನೆಯಿಂದಲೇ ತರಬೇಕು. ನಮ್ಮ ಧಾರವಾಡದವರು ಸಂಭಾವಿತರು, ಒರಟು ಮಾತು ಆಡುವವರಲ್ಲ. "ಮಾಸ್ತರ, ಗಾಳಿಗೆ ಅಲ್ಲೇ ಛಲೋ ಅಲ್ರೀ" ಎನ್ನುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಆಗ ಉರಿಯಿತೇ ಎಂದು ಮಾತ್ರ ಕೇಳಬೇಡಿ.

ರವಿವಾರಗಳಲ್ಲಿ ಅವರು ಕಲ್ಲು ಹುಡುಕಿಕೊಂಡು ಹೋಗುತ್ತಿದ್ದರು. ಒಮ್ಮೆ ನಾನೂ ಬೆನ್ನು ಹತ್ತಿದೆ. ಹೆಬ್ಬಳ್ಳಿ ದಾಟಿ ಎರೆಹೊಲಗಳ ನಡುವೆ ಎರಡು ಹರದಾರಿ ನಡೆದರೆ ಒಂದು ಗಡಿಕೋಟೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರವರು ಉಬ್ಬಿಯಾರು. ಒಂದು ಕಾಲಕ್ಕೆ ಎರಡು ರಾಜ್ಯಗಳ ಎಲ್ಲೆ ಅಲ್ಲೇ ಕೂಡುತ್ತಿತ್ತಂತೆ. ದಂಡು ಬೀಡುಬಿಡುತ್ತಿದ್ದ ಬಯಲಿನಲ್ಲಿ ಈಗ ಹತ್ತಿ ಒಣಗುತ್ತಿತ್ತು. ಬುರುಜಿನ ಕಲ್ಲು ಕಿತ್ತು ಊರವರು ಮನೆಗೆ ಕಟ್ಟೆ ಕಟ್ಟಿಕೊಂಡಿದ್ದರು, ದನಕ್ಕೆ ಗೋದಲಿ ಮಾಡಿಕೊಂಡಿದ್ದರು. ಕೋಟೆ ಯಾರದೆಂದು ಊರ ಅಗಸಿಬಾಗಿಲಲ್ಲಿ ಕುಳಿತ ಹಿರಿಯರನ್ನು ಕೇಳಿದರೆ ಒಬ್ಬೊಬ್ಬರು ಒಬ್ಬೊಬ್ಬ ಅರಸನ ಹೆಸರು ಹೇಳಿದರು. ತಮ್ಮ ಮುತ್ತಜ್ಜ ಅವನ ಸರದಾರನಾಗಿದ್ದ ಎನ್ನುವಲ್ಲಿ ಮಾತ್ರ ಎಲ್ಲರೂ ಒಂದಾದರು.

ಕೋಟೆಯ ಬಾಗಿಲ ಬಳಿ ಒಂದು ವೀರಗಲ್ಲು ಬೋರಲಾಗಿ ಬಿದ್ದಿತ್ತು. ಹಾರೆ ತಂದು ಇಬ್ಬರೂ ಹೊರಳಿಸಿದೆವು. ಮಾಸ್ತರರ ಬೆರಳು ಮೂರನೆಯ ಸಾಲಿನಲ್ಲಿ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಹಗೆಯ ದಂಡು ಬಂದಾಗ ಉಳಿದವರೆಲ್ಲ ಓಡಿಹೋದರೂ ಬಾಗಿಲು ಬಿಡದೆ ಕಾದಾಡಿ ಸತ್ತವನೊಬ್ಬನ ಕಲ್ಲು ಅದು. ಅವನ ಹೆಸರಿನ ಜೊತೆಗೆ ಕುಲವನ್ನೂ ಕೆತ್ತಿದ್ದರು. ಹೊಲೆಯ ಎಂದಿತ್ತು.

"ಇಂವ ನಮ್ಮಾಂವ್ರಿ," ಎಂದರು ಮಾಸ್ತರು. ಕಣ್ಣು ತೆರೆದಿರಲಿಲ್ಲ. "ಬಾಗಲಾ ಕಾಯಾಕ ನಾವು ಬೇಕಾಗಿದ್ವಿ."

ಎರಡು ತಿಂಗಳಿಗೆ ಆ ಕಡೆ ರಸ್ತೆಯ ಕೆಲಸ ಬಂತು. ಗುತ್ತಿಗೆದಾರ ಕೋಟೆಯ ಕಲ್ಲನ್ನೇ ಒಡೆಸಿ ಖಡಿ ಮಾಡಿಸತೊಡಗಿದ. ಮಾಸ್ತರು ಅರ್ಜಿ ಬರೆದುಕೊಂಡು ಕಚೇರಿಗೆ ಹೋದರು. ಸಾಹೇಬರು ಅಂಗಳದಲ್ಲೇ ನಿಲ್ಲಿಸಿ, ಕಲ್ಲು ಕಲ್ಲೇ ಅಲ್ಲವೇ ಎಂದು ಕೇಳಿ ಕಳಿಸಿಬಿಟ್ಟರು. ಊರ ಗೌಡರಂತೂ ತಮ್ಮ ಕಟ್ಟೆಯ ಕಲ್ಲಿಗೆ ಕೈ ಹಾಕದಿದ್ದರೆ ಸಾಕೆಂದರು. ಮುಂದಿನ ರವಿವಾರ ನಾವು ಹೋದಾಗ ವೀರಗಲ್ಲನ್ನು ಒಡೆಯುವ ರಾಶಿಯ ಪಕ್ಕಕ್ಕೆ ಎಳೆದು ತಂದಿದ್ದರು. ಕೆಲಸದವರು ಬುರುಜಿನ ಆಚೆ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು.

"ಕಲ್ಲಿಗೆ ಕುಂಕುಮ ಹಚ್ಚಿದ್ರ ಮಂದಿ ಓದೂದು ಬಿಟ್ಟು ಬಗ್ಗಾಕ ಶುರು ಮಾಡ್ತಾರ" ಎಂದು ಸದಾ ಹೇಳುತ್ತಿದ್ದ ಮನುಷ್ಯ, ಅವತ್ತು ನನ್ನನ್ನು ಅಂಗಡಿಗೆ ಕಳಿಸಿ ಅರಿಷಿಣ-ಕುಂಕುಮ ತರಿಸಿದರು. ನನ್ನ ಜೊತೆ ಸೇರಿ ಕಲ್ಲನ್ನು ಎತ್ತಿ ನಿಲ್ಲಿಸಿ, ವೀರನ ಹಣೆಗೆ ಬಳಿದು, ತಲೆಯ ಮೇಲೆ ಒಂದು ಕಣಗಿಲೆ ಹೂವಿಟ್ಟು ದೂರ ಬಂದು ಕುಳಿತರು. ಊಟ ಮುಗಿಸಿ ಬಂದ ಕೆಲಸದವರು ಕುಂಕುಮ ಕಂಡದ್ದೇ ರುಮಾಲು ತೆಗೆದರು. ಗುತ್ತಿಗೆದಾರ ಬೈದ, ರಮಿಸಿದ. ಯಾರೂ ಸುತ್ತಿಗೆ ಎತ್ತಲಿಲ್ಲ. ಕಡೆಗೆ ಅವನೂ ಚಪ್ಪಲಿ ಬಿಟ್ಟು ಕೈಮುಗಿದ. ಮಾಸ್ತರು ಧಾರವಾಡ ಮುಟ್ಟುವವರೆಗೂ ನಗುತ್ತಲೇ ಬಂದರು. ನಾನು ಕಂಡಂತೆ ಅವರು ಹಾಗೆ ನಕ್ಕದ್ದು ಅದೊಂದೇ ದಿನ.

ಕೆಟ್ಟದ್ದು ಅಲ್ಲೇ. ಮರುವರ್ಷ ಹೋದರೆ ಕಲ್ಲಿಗೆ ತಗಡಿನ ಸೂರು, ಗಂಟೆ, ಒಬ್ಬ ಪೂಜಾರಿ. ದೇವರ ಹೆಸರು ಬಾಗಿಲಪ್ಪ. ಗೌಡರ ಕನಸಿನಲ್ಲಿ ಬಂದು ತಾನು ಅವರ ಮನೆದೇವರೆಂದು ಹೇಳಿದ್ದನಂತೆ. ನಮ್ಮ ಕಡೆ ಮನುಷ್ಯ ಊರು ಮುಟ್ಟುವ ಮೊದಲೇ ಅವನ ಜಾತಿ ಮುಟ್ಟಿರುತ್ತದೆ. ಪೂಜಾರಿ ಇಪ್ಪತ್ತು ಹೆಜ್ಜೆ ದೂರದಲ್ಲೇ ಕೈ ಅಡ್ಡ ಹಿಡಿದ.

"ಮಾಸ್ತರ, ನೀವು ಅಲ್ಲೇ ನಿಂದರ್ರಿ."

ಹೊರಗೆ ನಿಲ್ಲಿಸುವಾಗಲೂ ಎಂಥ ಮರ್ಯಾದೆ ನೋಡಿ. ಒಳಗಿರುವವನು ತಮ್ಮ ಕುಲದವನೇ, ಕಲ್ಲಿನ ಮೇಲೇ ಬರೆದಿದೆ ಎಂದು ಮಾಸ್ತರು ಮೆಲ್ಲಗೆ ಹೇಳಿದರು.

"ದೇವರಿಗೆ ಎಲ್ಲೀ ಜಾತಿರೀ," ಎಂದ ಪೂಜಾರಿ. ಅಡ್ಡ ಹಿಡಿದ ಕೈಯನ್ನು ಮಾತ್ರ ಇಳಿಸಲಿಲ್ಲ.

ನೀವಾದರೂ ಹೋಗಿ ಅಕ್ಷರ ನೋಡಿಕೊಂಡು ಬನ್ನಿ ಎಂದು ಮಾಸ್ತರು ನನಗೆ ಹೇಳಿದರು. ಜಗಳಾಡಬಹುದಿತ್ತು. ಅದು ಆಗದಿದ್ದರೆ ಅವರ ಜೊತೆ ಹೊರಗಾದರೂ ನಿಲ್ಲಬಹುದಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ, ತೀರ್ಥ ತೆಗೆದುಕೊಂಡೆ, ಹಣೆಗೆ ಕುಂಕುಮ ಹಚ್ಚಿಸಿಕೊಂಡೆ. ಕಲ್ಲಿನ ಮೇಲೆ ಎಣ್ಣೆ ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಮೂರನೆಯ ಸಾಲನ್ನು ಉಳಿಯಿಂದ ಕೆತ್ತಿ ತೆಗೆದು, ಅಲ್ಲಿ ಒಂದು ಹಿತ್ತಾಳೆಯ ಪಟ್ಟಿ ಕೂರಿಸಿದ್ದರು. ಪಟ್ಟಿಯ ಮೇಲೆ ಗೌಡರ ಹೆಸರಿತ್ತು.

"ಅಕ್ಷರ ಅದಾವೇನ್ರಿ?" ಎಂದು ಕೇಳಿದರು ಮಾಸ್ತರು.

"ಅದಾವ್ರಿ," ಎಂದೆ.

ಐದು ವರ್ಷದ ಮೇಲೆ ಅವರು ಜ್ವರದಿಂದ ಹಾಸಿಗೆ ಹಿಡಿದರು. ನಾನು ಅವರ ಮನೆಗೆ ಹೋದದ್ದು ಅದೇ ಮೊದಲು, ಅದನ್ನೂ ಬರೆದುಬಿಡುತ್ತೇನೆ. ತಮ್ಮಂದಿರು, ಅಳಿಯಂದಿರು ಸುತ್ತ ಕುಳಿತಿದ್ದರು. ಆ ಕಲ್ಲಿನ ಕಥೆ ಕೇಳಿ ಕೇಳಿ ಅವರಿಗೆ ಬೇಸರವಾಗಿತ್ತು. ನಮ್ಮಂಥವರ ಹೆಸರನ್ನು ಕೋಟೆಯ ಬಾಗಿಲಿನಲ್ಲಿ ಯಾರು ಕೆತ್ತಿಸಿಯಾರು, ವಹಿಯಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು ಎಂದು ಒಬ್ಬ ಅಂದ. ಮಾಸ್ತರು ನನ್ನ ಕೈ ಹಿಡಿದುಕೊಂಡರು.

"ಇವರನ್ನ ಕೇಳ್ರಿ. ಇವರು ಕಣ್ಣಾರೆ ನೋಡ್ಯಾರ. ಇನ್ನೂ ಐತಿ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದೆಂದೆ. ಮೂರನೆಯ ದಿನ ಅವರು ತೀರಿಕೊಂಡರು.

ಅವರ ಮನೆಯವರು ಈಗ ಆ ಮಾತನ್ನು ನಂಬುತ್ತಾರೆ. ಒಮ್ಮೆ ಹೋಗಿ ಕಲ್ಲು ನೋಡಿ ಬರಬೇಕೆಂದು ಸಿಕ್ಕಾಗಲೆಲ್ಲ ಹೇಳುತ್ತಾರೆ. ಬಾಗಿಲಪ್ಪನ ಗುಡಿಯೊಳಗೆ ಅವರನ್ನು ಇಂದಿಗೂ ಬಿಡುವುದಿಲ್ಲ. ನನ್ನ ಸುಳ್ಳು ಇನ್ನೂ ಬಯಲಾಗದೆ ಉಳಿದಿರುವುದು ಅದರಿಂದ.