ಪರದೆಯೊಳಗೆ ಕಂಡದ್ದನ್ನು ಹೇಳಹೊರಟ ಸುವಾರ್ತಮ್ಮ

ಮಾನ್ವಿಯ ಅಂಚಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ಗಂಡಸರು ಕೂತು ಕೀರ್ತನೆ ಹಾಡುತ್ತಿದ್ದಾರೆ. ಹಿತ್ತಲಲ್ಲಿ ಎರಡು ಸೀರೆ ಕಟ್ಟಿದ ಪರದೆ, ಅದರೊಳಗೆ ಹಲಗೆಯ ಮೇಲೆ ತೀರಿಕೊಂಡ ಅಜ್ಜಿಯ ದೇಹ. ಹೆಣ್ಣೆಂಬ ಕಾರಣಕ್ಕೆ, ಬರೆಯಲು ಬಂದ ನನ್ನನ್ನೂ ಒಳಗೆ ಬಿಟ್ಟಿದ್ದಾರೆ. ಬಿಸಿನೀರಿನ ಚೊಂಬು ಎತ್ತಿದವಳ ಕೈಯನ್ನು ಸುವಾರ್ತಮ್ಮ ಹಿಡಿಯುತ್ತಾರೆ. "ನಿಂದ್ರು ಬೇ, ಮೊದ್ಲು ನೋಡೂನು."

ಬ್ಯಾಟರಿ ಬೆಳಕಲ್ಲಿ ಕುತ್ತಿಗೆ ನೋಡುತ್ತಾರೆ, ಮುಂಗೈ ನೋಡುತ್ತಾರೆ, ಮಗ್ಗುಲಾಗಿಸಿ ಬೆನ್ನು ನೋಡುತ್ತಾರೆ. ಅಜ್ಜಿಯ ಸೊಸೆಗೆ ಸಿಟ್ಟು ನೆತ್ತಿಗೇರುತ್ತದೆ. "ಏನ್ ಹುಡುಕಾಕತ್ತೀರಿ? ನಮ್ಮತ್ತಿನ್ನ ನಾವೇನು ಕೊಂದೀವೇನು?" ಸುವಾರ್ತಮ್ಮ ಬ್ಯಾಟರಿ ಆರಿಸುವುದಿಲ್ಲ. ಮುಪ್ಪಿನ ಸುಕ್ಕಿನ ಹೊರತು ಅಲ್ಲಿ ಬೇರೇನೂ ಇಲ್ಲ. ಆಮೇಲಷ್ಟೇ "ಹಾಕು" ಎನ್ನುತ್ತಾರೆ.

ಸುವಾರ್ತಮ್ಮ ಹತ್ತಿ ಬಿಡಿಸುವ ಕೂಲಿಯವರು. ಇಲ್ಲಿನ ಪುಟ್ಟ ಚರ್ಚಿನ ಸ್ತ್ರೀಯರ ಸಂಘದಲ್ಲಿ ಇಪ್ಪತ್ತು ವರ್ಷದಿಂದ ಸತ್ತ ಹೆಂಗಸರ ಮೈ ತೊಳೆದು, ಬಿಳಿ ಬಟ್ಟೆ ಹೊಲಿದು ಉಡಿಸುತ್ತಿದ್ದಾರೆ. ಸಂಘದ ಹೆಂಗಸರು ಜೋಳ ಬೀಸಲು ಒಯ್ಯುವಾಗೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ಚರ್ಚಿಗೆ ತರುತ್ತಾರೆ. ಬಟ್ಟೆ, ಹೆಣದ ಪೆಟ್ಟಿಗೆ ಎಲ್ಲ ಅದನ್ನು ಮಾರಿದ ದುಡ್ಡಿನಿಂದಲೇ. ಯಾರೂ ಮುಟ್ಟಲೊಲ್ಲದ ಬೇರೆ ಮತದ ಹೆಣಕ್ಕೂ ಇವರೇ ಹೋಗುತ್ತಾರೆ. ಸಂಘಕ್ಕೊಂದು ಹಳೆಯ ಕಟ್ಟುಪಾಡಿದೆ: ಪರದೆಯೊಳಗೆ ಕಂಡದ್ದು ಹೊರಗೆ ಹೋಗಬಾರದು. "ಒಬ್ಬಾಕಿಗೆ ಹುಣ್ಣಿರ್ತಾವ, ಒಬ್ಬಾಕಿಗೆ ಹರಕ ಲಂಗ ಇರ್ತದ. ಸತ್ತ ಮ್ಯಾಲೂ ಮಾನ ಮಾನನ ಅಲ್ರೀ?" ಎನ್ನುತ್ತಾರೆ ಸುವಾರ್ತಮ್ಮ. ಒಳ್ಳೆಯ ಕಟ್ಟುಪಾಡು. ಅದೇ ಸವಿತಾಳ ಕುತ್ತಿಗೆಗೆ ಬಂತು.

ಸವಿತಾ ಕುರ್ಡಿಯ ಹುಡುಗಿ, ಮಾನ್ವಿಗೆ ಮದುವೆಯಾಗಿ ಬಂದವಳು. ಮೂರು ವರ್ಷದ ಹಿಂದೆ ಸತ್ತಳು. ಎದೆನೋವು ಬಂತು ಎಂದರು ಗಂಡನ ಮನೆಯವರು. ಪರದೆಯೊಳಗೆ ಇದ್ದವರು ಸುವಾರ್ತಮ್ಮ ಮತ್ತು ಸಂಘದ ಶಶಿಕಲಾ. ಸುವಾರ್ತಮ್ಮ ಹೇಳುತ್ತಾರೆ: "ಕುತ್ತಿಗಿ ಮ್ಯಾಲ ಬೆರಳು ಮೂಡಿದ್ದವ್ರಿ, ಎರಡೂ ಕಡೆ. ನಾವಿಬ್ರೂ ಮಾರಿ ಮಾರಿ ನೋಡಿಕೊಂಡ್ವಿ. ಹೊರಗ ಆಕಿ ಅವ್ವ ಕನಕಮ್ಮ ಒಂದ ಸವನ ಅಳಾಕತ್ತಿದ್ಳು. ಇದನ್ನ ನೋಡಿದ್ರ ಎದಿ ಒಡಕೊಂಡು ಸಾಯ್ತಾಳಂತ, ಬಟ್ಟಿ ಗದ್ದದ ತನಕ ಎಳದು ಹೊಲಿಗಿ ಹಾಕಿದೆ."

ಅಯ್ಯೋ, ಆ ಕರುಣೆಯೇ ಕೊಲೆಗಾರನಿಗೆ ಒದಗಿತು ಎಂದು ಕೂಗಬೇಕೆನಿಸುತ್ತದೆ. ಕನಕಮ್ಮ ಮಗಳ ಹಣೆಗೆ ಮುತ್ತಿಟ್ಟಳು, ಮಣ್ಣು ಹಾಕಿದರು.

ಸುವಾರ್ತಮ್ಮನಿಗೆ ಅನ್ನ ಸೇರದಾಯಿತು. ಎರಡು ತಿಂಗಳಾದ ಮೇಲೆ ಬಸ್ಸು ಹತ್ತಿ ಕುರ್ಡಿಗೆ ಹೋಗಿ ಎಲ್ಲ ಹೇಳಿದರು. ಕನಕಮ್ಮ ಅಳಿಯನ ಮೇಲೆ ದೂರು ಕೊಟ್ಟಳು. ರಾಯಚೂರಿನಿಂದ ವೈದ್ಯರು ಬಂದು ಹೂತ ದೇಹ ತೆಗೆಸಿದರು. ಗುರುತು ಉಳಿಯಲು ಆ ಕುತ್ತಿಗೆಯಲ್ಲಿ ಚರ್ಮವೇ ಉಳಿದಿರಲಿಲ್ಲ. ಈಗ ಇರುವುದು ಸುವಾರ್ತಮ್ಮನ ಮಾತೊಂದೇ. ಶಶಿಕಲಾ "ನನಗೇನೂ ನೆನಪಿಲ್ಲ" ಎನ್ನುತ್ತಾರೆ. ಸವಿತಾಳ ಗಂಡನ ಮನೆಯವರು ಅವರಿಗೆ ದೂರದ ನೆಂಟರು.

ಬರುವ ಸೋಮವಾರ ರಾಯಚೂರು ಕೋರ್ಟಿನಲ್ಲಿ ಸುವಾರ್ತಮ್ಮನ ಸಾಕ್ಷಿ. ಸಂಘ ಎರಡು ಹೋಳಾಗಿದೆ. ಕಟ್ಟುಪಾಡು ಮುರಿದವಳೆಂದು ಕೆಲವು ಮನೆಗಳು ಸುವಾರ್ತಮ್ಮನನ್ನು ಸಾವಿಗೆ ಕರೆಯುವುದನ್ನೇ ಬಿಟ್ಟಿವೆ. ಚರ್ಚಿನಲ್ಲಿ ಅವರ ಚಾಪೆಯ ಪಕ್ಕ ಯಾರೂ ಕೂರುವುದಿಲ್ಲ. ದೇವರ ಮನೆಯಲ್ಲೂ ಇಂಥ ಮಡಿ! ಕರೆದ ಮನೆಗೆ ಮಾತ್ರ ಅವರು ಬ್ಯಾಟರಿ ಹಿಡಿದೇ ಹೋಗುತ್ತಾರೆ. "ಗುರುತು ಕಂಡ್ರ ನೀರು ಹಾಕಂಗಿಲ್ಲ. ಪೊಲೀಸರು ಬರೂತನ ಅಲ್ಲೇ ಕುಂದರ್ತೀನಿ."

ಹೆದರಿಕೆ ಇಲ್ಲವೇ ಎಂದು ಕೇಳುತ್ತೇನೆ.

"ಅದ ರೀ. ನೋಡಿದ್ರೂ ಯಾಕ ಸುಮ್ಮನಿದ್ದಿ ಅಂತ ವಕೀಲ ಕೇಳ್ತಾನ. ಏನು ಹೇಳ್ಲಿ? ಕನಕಮ್ಮ ನಾ ಹೋಗಿ ಹೇಳಿದಾಗಿಂದ ನನ್ನ ಕೂಡ ಮಾತು ಬಿಟ್ಟಾಳ. 'ನನ್ನ ಮಗಳನ್ನ ಎರಡನೇ ಸಲ ಕೊಂದಾಕಿ ನೀನು' ಅಂದ್ಳು. ಖರೇ ಅದ."

ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ: "ಶಿಕ್ಷಿ ಆಗ್ತದೋ ಬಿಡ್ತದೋ, ನನ್ನ ಕೈಯಾಗಿಲ್ಲ. ಸೋಮಾರ ಕನಕಮ್ಮ ಕೋರ್ಟಿಗೆ ಬಂದು ಕುಂತ್ರ ಸಾಕ್ರಿ. ಆಕಿನ್ನ ನೋಡಕೋತ ಹೇಳ್ತೀನಿ."