ಜನರೇಟರಿಗೊಂದು ತಗಡಿನ ಮನೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕರೆಂಟು ಕಂಬಗಳ ಸಾಲು ಮುಗಿಯುವ ಕಡೆ, ಕೊನೆಯ ಕಂಬಕ್ಕೆ ಒರಗಿಕೊಂಡಂತಿರುವ ಅಂಗಡಿಯ ಷಟರ್ ಅರ್ಧ ಮೇಲೆದ್ದಿದೆ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತು, ಸೂರಿನಿಂದ ಹನಿ ತೊಟ್ಟಿಕ್ಕುತ್ತಿದೆ. ಒಳಗೆ ಕುಕ್ಕರುಗಾಲಲ್ಲಿ ಕೂತ ನಡುವಯಸ್ಸಿನ ಹೆಂಗಸೊಬ್ಬರು ಪುಟ್ಟ ಜನರೇಟರಿನ ಹಗ್ಗ ಎಳೆಯುತ್ತಾರೆ. ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.

“ಏಳಪ್ಪಾ, ರಾತ್ರಿಯೆಲ್ಲ ನೀನೊಬ್ನೇ ದುಡಿದೋನ ಥರ ಆಡ್ಬೇಡ,” ಎನ್ನುತ್ತಾರೆ. ಎರಡನೆಯ ಎಳೆತಕ್ಕೆ ಯಂತ್ರ ಏಳುತ್ತದೆ. ಅದರ ಬೆನ್ನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಕೂಸಿನ ಜ್ವರ ನೋಡುವವರಂತೆ ಕೂರುತ್ತಾರೆ. ವರ್ಷಗಟ್ಟಲೆ ಎಂಜಿನ್ನುಗಳ ಪಕ್ಕ ಕೂತು ಅವರ ಎಡಗಿವಿ ಎಂದೋ ಮುಚ್ಚಿಹೋಗಿದೆ. ಯಂತ್ರದ ನಡೆ ಸರಿಯಿದೆಯೇ ಎಂದು ಈಗ ಅಂಗೈ ಹೇಳಬೇಕು, ಉಳಿದದ್ದನ್ನು ಬಲಗಿವಿ.

ಈ ದಾರಿಯಲ್ಲಿ ಓಡಾಡುವವರೆಲ್ಲ ಅವರನ್ನು ಗುಡುಗಕ್ಕ ಎನ್ನುತ್ತಾರೆ. ಅವರ ಮಾತೇನೋ ಹತ್ತಿಯಷ್ಟು ಮೆತ್ತಗೆ. ಗುಡುಗುವುದು ಅಂಗಡಿ.

ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡ ಗುಡುಗಕ್ಕ ಬಾಗಿಲಿಗೆ ಬಂದು ದಾರಿ ನೋಡುತ್ತಾರೆ. ಕೆರೆಯ ಕಡೆಯಿಂದ ಬರುವ ಮಣ್ಣುರಸ್ತೆ ಕೆಸರಾಗಿ ಮಲಗಿದೆ. ಗಾಡಿಯಿಲ್ಲ. “ಇವತ್ತು ಬರ್ತೀವಿ ಅಂದಿದ್ರು,” ಎಂದು ತಮಗೇ ಹೇಳಿಕೊಳ್ಳುತ್ತಾರೆ. ಒಳಗಿನಿಂದ ತಗಡು ಕತ್ತರಿಸುವ ಸದ್ದು ನಿಲ್ಲುತ್ತದೆ. “ಇನ್ನೂ ಸೂರ್ಯನೇ ಬಂದಿಲ್ಲ, ಅವರು ಎಲ್ಲಿಂದ ಬರ್ತಾರೆ? ಬಂದು ಕಾಫಿ ಕುಡಿ,” ಎನ್ನುತ್ತದೆ ಒಂದು ದನಿ. ಅದು ಅವರ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಈ ಅಂಗಡಿಯಲ್ಲಿರುವುದು ಇವರಿಬ್ಬರೇ.

ಅಂಗಡಿ ದಾಟಿದರೆ ಮುಂದೆ ಕರೆಂಟಿಲ್ಲ. ಕೆರೆ, ಕಾಡಂಚು, ಬಯಲು ಅಷ್ಟೇ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಮನೆಗಾಡಿಯವರು. ಒಳಗೇ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ ದೊಡ್ಡ ವ್ಯಾನಿಗೆ ಇಲ್ಲಿನವರು ಇಟ್ಟ ಹೆಸರು ಅದು. ಕಂಬದಿಂದ ದೂರ ಹೋಗಿ ನಾಲ್ಕು ದಿನ ನೆಮ್ಮದಿಯಾಗಿರಬೇಕೆಂದು ಹೊರಟವರು ಕೊನೆಯ ಕಂಬದ ಹತ್ತಿರ ಬಂದಾಗ ದೀಪ, ಫ್ಯಾನು, ಫ್ರಿಜ್ಜು ನೆನಪಾಗಿ ಗಾಡಿ ನಿಲ್ಲಿಸುತ್ತಾರೆ. ದಿನಕ್ಕೆ ನಾಲ್ಕೈದು ಗಾಡಿ. ಅರ್ಧದಷ್ಟು ರಿಪೇರಿಗೆ, ಉಳಿದದ್ದು ಹೊಸದು ಕೊಳ್ಳಲು. ಚಳಿ ಬಿದ್ದರೆ ವಾರಕ್ಕೊಂದು ಬಂದರೆ ಪುಣ್ಯ. ಈಚೆಗೆ ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಿಕೊಳ್ಳುವವರೂ ಹೆಚ್ಚಾಗಿದ್ದಾರೆ. “ಫೋನು ಮೆಷಿನ್ ಕೊಡುತ್ತೆ. ಎಲ್ಲಿ ಇಡ್ಬೇಕು ಅಂತ ಕೈ ಹಿಡಿದು ತೋರ್ಸುತ್ತಾ?” ಎಂದು ಗುಡುಗಕ್ಕ ಕೇಳುತ್ತಾರೆ. ಸಿಟ್ಟಿನಿಂದಲ್ಲ, ಆ ಪ್ರಶ್ನೆ ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಈ ಬೆಳಗ್ಗೆ ಅವರು ಕಾಯುತ್ತಿರುವುದು ಮೊನ್ನೆ ಮೊನ್ನೆ ಬಂದುಹೋದ ಗಂಡ ಹೆಂಡತಿಗೆ. ಗಂಡ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಬಟ್ಟೆ ಹೊಲಿದು ಬದುಕಿದವರು. ಈಗ ಆಕೆಯ ಶ್ವಾಸಕೋಶ ಸೋತಿದೆ. ರಾತ್ರಿ ಮಲಗಿದಾಗ ಆಮ್ಲಜನಕ ಕೊಡುವ ಯಂತ್ರ ಪಕ್ಕದಲ್ಲಿ ಓಡುತ್ತಲೇ ಇರಬೇಕು. ಮದುವೆಯಾದ ಹೊಸದರಲ್ಲಿ ಆ ಕೆರೆ ನೋಡಿದ್ದರಂತೆ. ಇನ್ನೊಮ್ಮೆ ನೋಡಬೇಕೆಂದು ಆಕೆಗೆ ಆಸೆ. ಹೋಗಬೇಕಾದರೆ ಈಗಲೇ ಹೋಗಿಬನ್ನಿ ಎಂದು ಡಾಕ್ಟರು ಹೇಳಿದ್ದರು. ಆ ‘ಈಗಲೇ’ ಎಂಬುದರ ಅರ್ಥ ಇಬ್ಬರಿಗೂ ಗೊತ್ತಿತ್ತು.

ಅಂದು ಆ ಬಸ್ ಡ್ರೈವರು ಅಂಗಡಿಗೆ ಬಂದವರೇ ಮೂಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಜನರೇಟರು ತೋರಿಸಿದರು. “ಅದೇ ಕೊಡಿ. ಏಸಿನೂ ಓಡ್ಬೇಕು, ಎಲ್ಲಾನೂ ಓಡ್ಬೇಕು. ಇವಳಿಗೆ ಏನೂ ಕಡಿಮೆ ಆಗ್ಬಾರ್ದು.”

“ಅಣ್ಣಾ, ಅದನ್ನ ಗಾಡಿಯಿಂದ ಇಳಿಸೋಕೇ ನಾಲ್ಕು ಜನ ಬೇಕು,” ಎಂದ ಗುಡುಗಕ್ಕ, ಸ್ಟೂಲಿನ ಮೇಲೆ ಕೂತಿದ್ದ ಆಕೆಯ ಕಡೆ ತಿರುಗಿದರು. “ಅಮ್ಮಾ, ನಿಮಗೇನು ಬೇಕು?”

ಆಕೆ ಉಸಿರು ಕೂಡಿಸಿಕೊಂಡು ಹೇಳಿದರು: “ಬೆಳಗ್ಗೆ ಹಕ್ಕಿ ಕೂಗೋದು ಕೇಳ್ಬೇಕು.”

“ಕೇಳಿದ್ರಾ ಅಣ್ಣಾ? ಆ ದೊಡ್ಡಪ್ಪ ಶುರುವಾದ್ರೆ ಹಕ್ಕಿ ಇರ್ಲಿ, ಇವರು ಕರೆದ್ರೂ ನಿಮಗೆ ಕೇಳ್ಸಲ್ಲ.”

“ಈಗಲೂ ಅವರಿಗೆ ಕೇಳ್ಸಲ್ಲ ಬಿಡಿ,” ಎಂದರು ಆಕೆ. ಡ್ರೈವರೂ ನಕ್ಕರು.

ಹಾಗೆ ಆರಿಸುವ ಕೆಲಸ ಶುರುವಾಯಿತು. ಏನೇನು ಓಡಬೇಕು ಎಂದು ಒಂದೊಂದನ್ನೇ ಕೇಳುವುದು ಗುಡುಗಕ್ಕನ ಕ್ರಮ. ಏಸಿಯಂಥದ್ದು ಓಡುವಾಗ ತಿನ್ನುವ ಕರೆಂಟಿಗಿಂತ ಶುರುವಾಗಿ ಏಳುವಾಗ ತಿನ್ನುವುದು ಹೆಚ್ಚು. ಆ ಒಂದು ಗುಕ್ಕಿಗಾಗಿ ದೊಡ್ಡ ಯಂತ್ರ ಹೊರಬೇಕಾಗುತ್ತದೆ. ಕೆರೆಯ ದಂಡೆಯಲ್ಲಿ ಗಾಳಿಗೆ ಬರವಿಲ್ಲ, ಏಸಿ ಬಿಡಿ ಎಂದರು. ಉಳಿದದ್ದು ಉಸಿರಿನ ಯಂತ್ರ, ಎರಡು ದೀಪ, ಔಷಧಿ ಇಡಲು ಪುಟ್ಟ ಫ್ರಿಜ್ಜು. ಅದಕ್ಕೆ ಸೂಟ್‌ಕೇಸಿನಷ್ಟು ದೊಡ್ಡದಾದ, ಸದ್ದು ಕಡಿಮೆಯ ಜನರೇಟರು ಧಾರಾಳವಾಯಿತು.

ಆಮೇಲೆ ಅದನ್ನು ಆಕೆಯ ಮುಂದಿಟ್ಟು, “ನೀವು ಎಳೀರಿ,” ಎಂದರು.

“ಅವಳ್ಯಾಕೆ? ನಾನಿಲ್ವಾ?” ಎಂದರು ಡ್ರೈವರು.

“ನೀವು ಜಾರಿ ಬಿದ್ರೆ? ಜ್ವರ ಬಂದ್ರೆ? ಅಲ್ಲಿ ಇರೋರು ನೀವಿಬ್ರೇ ಅಣ್ಣಾ.”

ಆಕೆ ಹಗ್ಗ ಹಿಡಿದರು. ಒಂದು ಕಾಲಕ್ಕೆ ದಿನವಿಡೀ ಹೊಲಿಗೆ ಯಂತ್ರ ತುಳಿದ ಮೈ. ಹಗ್ಗ ಗೇಣುದ್ದ ಬಂದು ನಿಂತಿತು. ಹಗ್ಗ ಬಿಟ್ಟು ಸೆರಗನ್ನು ಸುಮ್ಮನೆ ಸರಿಮಾಡಿಕೊಂಡರು. ಗುಡುಗಕ್ಕ ಅದನ್ನು ಮೆಲ್ಲಗೆ ಬದಿಗಿಟ್ಟು, ಕೀಲಿ ತಿರುಗಿಸಿದರೆ ಏಳುವಂಥ ಅದೇ ಅಳತೆಯ ಇನ್ನೊಂದನ್ನು ತಂದರು. ಆಕೆ ಕೀಲಿ ತಿರುಗಿಸಿದರು. ಅದು ಎದ್ದಿತು. ಆಕೆಯ ಮುಖವೂ ಅರಳಿತು.

ಎಣ್ಣೆ ಹಾಕುವಾಗ ಯಂತ್ರ ನಿಲ್ಲಿಸಿ ಬಿಸಿ ಆರಲು ಬಿಡಬೇಕು. ಅಷ್ಟು ಹೊತ್ತು ಉಸಿರು ನಿಲ್ಲಬಾರದೆಂದು ನಡುವೆ ಒಂದು ಬ್ಯಾಟರಿ ಸೇರಿಸಿದರು. ಹೊಗೆಯ ವಿಷ ಒಳಗೆ ಬಂದರೆ ಕಿರುಚುವ ಪುಟ್ಟ ಡಬ್ಬಿಯೊಂದನ್ನು ಮಂಚದ ಪಕ್ಕದ ಗೋಡೆಗೆ ತಾವೇ ಹತ್ತಿ ಕೂರಿಸಿದರು. ಕೊನೆಗೆ ಅತ್ತಿಗೆ ಒಳಗಿನಿಂದ ಎರಡು ವಸ್ತು ತಂದರು: ಒಂದು ಹಗ್ಗದ ಸುರುಳಿ, ನಾಲ್ಕು ಕಾಲಿನ ಒಂದು ತಗಡಿನ ಸೂರು.

ಈ ಅಂಗಡಿಯಿಂದ ಹೋಗುವ ಪ್ರತಿಯೊಂದು ಜನರೇಟರಿನ ಜೊತೆಯಲ್ಲೂ ಈ ಎರಡು ಹೋಗುತ್ತವೆ. ಹಗ್ಗದ ಒಂದು ತುದಿಯನ್ನು ಗಾಡಿಯ ಬಾಗಿಲಿಗೆ ಕಟ್ಟಿ ಎಳೆದುಕೊಂಡು ಹೋಗಬೇಕು. ಅದು ಮುಗಿಯುವ ಕಡೆ ಯಂತ್ರ ಇಡಬೇಕು, ಹೊಗೆಯ ಬಾಯಿ ಗಾಡಿಗೆ ಬೆನ್ನು ಮಾಡಿರಬೇಕು. ಮಳೆ ಬಂದರೆ ಮೇಲೆ ಸೂರು ಇಡಬೇಕು. ನಾಲ್ಕು ಕಡೆಯೂ ಬಯಲು, ತಲೆಗೆ ಮಾತ್ರ ತಗಡು. “ಮೆಷಿನ್‌ಗೂ ಒಂದು ಮನೆ ಕಟ್ಟಿ ಕೊಡ್ತೀವಿ. ಆಗ ಅದು ನಿಮ್ಮ ಮನೆಗೆ ಬರ್ತೀನಿ ಅಂತ ಹಟ ಮಾಡಲ್ಲ,” ಎಂದು ಗುಡುಗಕ್ಕ ನಗಿಸಿ ಕಳಿಸುತ್ತಾರೆ. ಆ ನಗುವಿನ ಹಿಂದೆ ಏನಿದೆ ಎಂದು ಕೊಂಡವರಿಗೆ ಹೇಳುವುದಿಲ್ಲ.

ಅಂಗಡಿ ಕಟ್ಟಿದ್ದು ಅಣ್ಣ. ತಂಗಿಗೆ ಕೆಲಸ ಕಲಿಸಿದ್ದೂ ಅಣ್ಣನೇ. ಹಾಳುಬಿದ್ದ ಒಂದು ವ್ಯಾನನ್ನು ತಂದು, ಬಿಡುವಾದಾಗಲೆಲ್ಲ ಬಡಿದು, ಬಣ್ಣ ಹಚ್ಚಿ, ಮಂಚ ಕೂರಿಸಿ, ವರ್ಷಗಳ ಮೇಲೆ ಅದನ್ನು ಮನೆಗಾಡಿ ಮಾಡಿದರು. ಕಿಟಕಿಯ ಪರದೆ ಹೊಲಿದದ್ದು ಹೆಂಡತಿ. ಹೊರಡುವ ದಿನ ಆಕೆಯೂ ಸೀರೆ ಮಡಚಿಟ್ಟುಕೊಂಡು ಸಿದ್ಧವಾಗಿದ್ದರು. “ಮೊದಲು ನಾನೊಬ್ನೇ ಒಂದು ರಾತ್ರಿ ಇದ್ದು ನೋಡ್ಕೊಂಡು ಬರ್ತೀನಿ. ಎಲ್ಲಾ ಸರಿ ಇದ್ರೆ ನಾಳೆ ಬಂದು ನಿನ್ನ ಕರ್ಕೊಂಡು ಹೋಗ್ತೀನಿ,” ಎಂದು ಅಣ್ಣ ಹೊರಟರು. ಆ ರಾತ್ರಿ ಮಳೆ ಬಂತು. ತಮ್ಮ ಕೈಯಾರೆ ಬಿಚ್ಚಿ ಜೋಡಿಸಿದ ಯಂತ್ರ ನೆನೆಯಬಾರದೆಂದು ಅದನ್ನು ಗಾಡಿಗೆ ಆತುಕೊಂಡಿದ್ದ ಚಪ್ಪರದ ಕೆಳಗೆ ತಂದಿಟ್ಟು, ಕಿಟಕಿ ಮುಚ್ಚಿ ಮಲಗಿದರು. ಆ ಹೊಗೆಯೊಳಗಿನ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೂರು ಜನಕ್ಕೆ ಹಾಗೆ ಮಾಡಬೇಡಿ ಎಂದು ಹೇಳಿದ್ದವರೇ ಅವರು. ಯಂತ್ರವನ್ನು ಅಷ್ಟು ಪ್ರೀತಿಸದವರಾಗಿದ್ದರೆ ಅದನ್ನು ಮಳೆಯಲ್ಲೇ ಬಿಟ್ಟು ಬದುಕಿಕೊಳ್ಳುತ್ತಿದ್ದರು.

“ಬೆಳಗ್ಗೆ ಹೋದಾಗ ಮೆಷಿನ್ ಒಂದು ಹನೀನೂ ನೆಂದಿರ್ಲಿಲ್ಲ,” ಎನ್ನುತ್ತಾರೆ ಗುಡುಗಕ್ಕ.

ಅತ್ತಿಗೆ ಬಹಳ ದಿನ ಅಂಗಡಿಯ ಕಡೆಗೇ ಬರಲಿಲ್ಲವಂತೆ. ಒಂದು ದಿನ ಎದ್ದು ಬಂದು, ಹಿತ್ತಿಲ ಕೊಟ್ಟಿಗೆಯ ಹಳೆಯ ತಗಡು ಕಿತ್ತು, ಗಂಡನ ಕತ್ತರಿ ಹಿಡಿದು ಕೂತರು. ಕೈಯೆಲ್ಲ ಗಾಯ. ಏನು ಮಾಡುತ್ತಿದ್ದೀಯ ಎಂದು ನಾದಿನಿ ಕೇಳಿದರೆ ಇನ್ನೊಂದು ತಗಡು ಎಳೆದುಕೊಂಡರು. ಸಂಜೆಯ ಹೊತ್ತಿಗೆ ನಾಲ್ಕು ಕಾಲಿನ ಸೊಟ್ಟ ಸೂರೊಂದು ಅಂಗಳದಲ್ಲಿ ನಿಂತಿತ್ತು. ಅಂದಿನಿಂದ ಕತ್ತರಿ ಕೆಳಗಿಟ್ಟಿಲ್ಲ. ಈಗ ಕೇಳಿದರೆ ತಗಡಿನ ಅಂಚು ಮಡಚುತ್ತ ಹೇಳುತ್ತಾರೆ: “ಇಷ್ಟು ವರ್ಷದಲ್ಲಿ ನನಗೊಂದು ದಿನ ಕೊಡೆ ಹಿಡಿದೋರಲ್ಲ ಅವರು. ಮೆಷಿನ್‌ಗೆ ಹಿಡಿದ್ರು ನೋಡಿ.” ಹೇಳಿ ನಗುತ್ತಾರೆ. ಕೊಡುವವನು ಭಗವಂತ, ತೆಗೆದುಕೊಳ್ಳುವವನೂ ಅವನೇ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಇಬ್ಬರು ಹೆಂಗಸರು ಅವನೊಂದಿಗೆ ಜಗಳಕ್ಕೆ ಹೋಗಲಿಲ್ಲ. ಮುಂದಿನ ಮಳೆಗೆ ತಗಡು ಕತ್ತರಿಸಿಟ್ಟರು, ಅಷ್ಟೇ.

ಬಿಸಿಲು ಅಂಗಡಿಯ ಹೊಸಿಲಿಗೆ ಬರುತ್ತದೆ. ಗುಡುಗಕ್ಕ ಒಂದು ಕಾರ್ಬುರೇಟರ್ ಬಿಚ್ಚಿ ಕೂತಿದ್ದಾರೆ, ಆದರೆ ತೊಳೆದ ಭಾಗವನ್ನೇ ಮತ್ತೆ ತೊಳೆಯುತ್ತಿದ್ದಾರೆ. “ಈ ಸಲ ಮಳೆ ಜೋರಿತ್ತು,” ಎನ್ನುತ್ತಾರೆ. “ಸೂರು ಗಟ್ಟಿ ಇದೆ,” ಎನ್ನುತ್ತಾರೆ ಅತ್ತಿಗೆ. “ಇಡೋರು ಇಟ್ರೆ ತಾನೇ?” ಎಂದು ಗುಡುಗಕ್ಕ ಮತ್ತೆ ದಾರಿ ನೋಡುತ್ತಾರೆ. ಕಾಫಿ ಲೋಟದಲ್ಲೇ ಆರಿದೆ.

ಮೊದಲು ಗೊತ್ತಾಗುವುದು ಅತ್ತಿಗೆಗೆ. ಅವರ ಎರಡು ಕಿವಿಯೂ ಚೆನ್ನಾಗಿವೆ. ಕತ್ತರಿ ಕೆಳಗಿಟ್ಟು ನಾದಿನಿಯ ಭುಜ ಮುಟ್ಟುತ್ತಾರೆ. ಕೆಸರಿನಲ್ಲಿ ಓಲಾಡುತ್ತ ಮನೆಗಾಡಿ ಬರುತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು. ಗುಡುಗಕ್ಕ ಇಬ್ಬರನ್ನೂ ಬೆರಳಿನಿಂದ ಎಣಿಸಿ, ಆಮೇಲೆ ಉಸಿರು ಬಿಡುತ್ತಾರೆ.

ಆಕೆ ಇಳಿಯುವುದಿಲ್ಲ, ಇಳಿಯುವಷ್ಟು ಶಕ್ತಿ ಉಳಿದಿಲ್ಲ. ಕಿಟಕಿಯಿಂದಲೇ ಮಾತು. “ರಾತ್ರಿ ಮಳೆ ಶುರುವಾದಾಗ ಇವರು ಎದ್ದು, ಮೆಷಿನ್ ನೆನೀತಿದೆ, ಹತ್ರ ತರ್ತೀನಿ ಅಂತ ಹೊರಟೇಬಿಟ್ರು. ನಾನು ತೋಳು ಹಿಡ್ಕೊಂಡೆ. ಅದಕ್ಕೆ ಮನೆ ಇದೆ, ನೀವು ಮಲಗಿ ಅಂದೆ.”

“ಬಿಡ್ಲೇ ಇಲ್ಲ ಅಕ್ಕಾ. ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ,” ಎನ್ನುತ್ತಾರೆ ಡ್ರೈವರು.

“ಹಕ್ಕಿ ಕೂಗ್ತಾ ಅಮ್ಮಾ?”

“ಕೂಗ್ತು. ಒಂದಂತೂ ನಿಲ್ಲಿಸ್ಲೇ ಇಲ್ಲ. ಸಾಕಪ್ಪಾ ಸುಮ್ನಿರು ಅನ್ನಿಸ್ಬಿಡ್ತು.”

ಡ್ರೈವರು ಹಿಂದಿನ ಬಾಗಿಲು ತೆಗೆದು ಜನರೇಟರು, ಹಗ್ಗ, ಸೂರು ಮೂರನ್ನೂ ಇಳಿಸುತ್ತಾರೆ. ಏನು ಕೆಟ್ಟಿತು ಎಂದು ಗುಡುಗಕ್ಕ ಗಾಬರಿಯಾಗುತ್ತಾರೆ. ಏನೂ ಕೆಟ್ಟಿಲ್ಲ ಎಂದು ಅವರು ತಲೆಯಾಡಿಸುತ್ತಾರೆ, ಕಣ್ಣು ಬೇರೆ ಕಡೆ. ಕಿಟಕಿಯಲ್ಲಿದ್ದ ಆಕೆಯೇ ಹೇಳುತ್ತಾರೆ: “ನಮಗೆ ಇನ್ನು ಬೇಡ. ಹೋಗಿದ್ದಾಯ್ತಲ್ಲ. ಯಾರಿಗಾದ್ರೂ ಕೊಡಿ.”

ಗಾಡಿ ಊರ ಕಡೆಗೆ ಹೋಗುತ್ತದೆ. ಕಿಟಕಿಯಿಂದ ಹೊರಬಂದ ಕೈ ತಿರುವಿನವರೆಗೂ ಕಾಣುತ್ತದೆ. ಅತ್ತಿಗೆ ಸೂರನ್ನು ತಿರುಗಿಸಿ ನೋಡುತ್ತಾರೆ: ನಾಲ್ಕು ಕಾಲಿಗೂ ಕೆರೆಯ ಮಣ್ಣು, ಮೇಲೆ ಮಳೆ ಬಿದ್ದ ಕಲೆ. ಬಟ್ಟೆ ತೆಗೆದುಕೊಂಡು ಒರೆಸಹೋಗಿ, ಒರೆಸದೆ ಹಾಗೇ ಗೋಡೆಗೆ ಒರಗಿಸುತ್ತಾರೆ. ಗುಡುಗಕ್ಕ ಜನರೇಟರಿನ ಮೇಲೆ ಅಂಗೈಯಿಟ್ಟು ಕೂರುತ್ತಾರೆ. ಅದು ಓಡುತ್ತಿಲ್ಲ. ಆದರೂ ಕೈ ತೆಗೆಯುವುದಿಲ್ಲ.

ಇಷ್ಟು ವರ್ಷ ದುಡಿದಿದ್ದೀರಿ, ನಿಮ್ಮದೇ ಅಂತ ಒಂದು ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಗುಡುಗಕ್ಕ ಯೋಚಿಸದೆ ಹೇಳುತ್ತಾರೆ:

“ನನ್ನ ಕೈಯಿಂದ ಹೋದ ಮೆಷಿನ್ ಎಲ್ಲಾ ಕೆಟ್ಟು ವಾಪಸ್ ಬರ್ಲಿ. ತಗೊಂಡು ಹೋದೋರೇ ಹೊತ್ಕೊಂಡು ಬರ್ಲಿ. ಇಲ್ಲೇ ಬಾಗಿಲಲ್ಲಿ ನಿಂತು, ಎಂಥಾ ದರಿದ್ರದ್ದು ಕೊಟ್ಯಕ್ಕಾ ಅಂತ ಬಾಯಿಗೆ ಬಂದ ಹಾಗೆ ಬೈಲಿ. ಅದನ್ನ ಕೇಳೋಕೇ ದೇವರು ಇದೊಂದು ಕಿವಿ ಉಳಿಸಿದಾನೆ.”